ಜೇಜುರಿಗೆ ಹೋಗಿಬಂದ ದಿನದ ಅಪ್‌ಡೇಟ್

ನವೆಂಬರ್ ೯, ಭಾನುವಾರ

ಜೇಜುರಿಗೆ ಹೋಗಿಬಂದೆವು. ಸರಿಯಾಗಿ ಹೇಳಬೇಕೆಂದರೆ ಅವರು ಹೋದರು, ನನ್ನನ್ನು ಕರೆದೊಯ್ದರು. ನನ್ನ ಗಂಡ ಸ್ವಪ್ನಿಲ್‌ನ ಮನೆತನ ವಿಜಯಪುರದ ಕಡೆಯದು. ಪುಣೆಗೆ ಬಂದು ಎರಡು ತಲೆಮಾರಾದರೂ ಮನೆದೇವರು ಜೇಜುರಿ ಗುಡ್ಡದ ಖಂಡೋಬಾ, ಅತ್ತೆಯ ಬಾಯಲ್ಲಿ ಮೈಲಾರಲಿಂಗ. ಆ ಗುಡ್ಡದ ಮೇಲೆ ಭಕ್ತರೆಲ್ಲ ಭಂಡಾರ ಎರಚುತ್ತಾರೆ, ಅಂದರೆ ಅರಿಶಿನದ ಪುಡಿ. ಮೆಟ್ಟಿಲು, ಕಂಬ, ಆಡು, ಮನುಷ್ಯ, ಯಾವುದಕ್ಕೂ ರಿಯಾಯಿತಿ ಇಲ್ಲ. ಅತ್ತೆ ನಾಗವ್ವನವರು “ಏಳುಕೋಟಿ ಏಳುಕೋಟಿ” ಎಂದು ಕೂಗಿ ಹಿಡಿ ಹಿಡಿ ಎರಚಿ, ಕೊನೆಗೆ ನನ್ನ ಹಣೆಗೆ ಇಡೀ ಅಂಗೈ ಬಳಿದರು. ನಾನು ಮಂಡ್ಯದವಳು. ನಮ್ಮಲ್ಲಿ ಅರಿಶಿನವನ್ನು ಸಾರಿಗೆ ಚಿಟಿಕೆ ಹಾಕುತ್ತಾರೆ. ಇಳಿಯುವಾಗ ಬಾಟಲಿ ನೀರಿನಲ್ಲಿ ಮುಖ ತೊಳೆದುಕೊಂಡೆ. ಅತ್ತೆ ನೋಡಿದರು, ಏನೂ ಅನ್ನಲಿಲ್ಲ. ಅವರ ಮನೆಯಲ್ಲಿ ಏನೂ ಅನ್ನದಿರುವುದೇ ದೊಡ್ಡ ಮಾತು.

ಮನೆಗೆ ಬಂದ ಮೇಲೆ ಇನ್ನೊಂದು ಸುತ್ತು. ಬೆಲೆಬಾಳುವ ವಸ್ತುಗಳಿಗೆಲ್ಲ ಭಂಡಾರ ಚಿಮುಕಿಸುವುದು ಪದ್ಧತಿಯಂತೆ. ನಾನು ಸ್ನಾನ ಮುಗಿಸಿ ಬರುವಷ್ಟರಲ್ಲಿ ಸ್ಕೂಟರ್, ಗ್ಯಾಸ್ ಒಲೆ, ತಿಜೋರಿ, ಮಾವನವರ ಅಂಗಡಿಯ ಹಳೇ ತಕ್ಕಡಿ ಎಲ್ಲವೂ ಹಳದಿ. ಮಾವ ಮಲಕಪ್ಪನವರು ಮಾರ್ಕೆಟ್ ಯಾರ್ಡ್‌ನಲ್ಲಿ ಬೆಳ್ಳುಳ್ಳಿ ವ್ಯಾಪಾರಿ. ಬೆಳ್ಳುಳ್ಳಿ ಮಾರುವ ಈ ಮನೆಯಲ್ಲಿ ಚಾತುರ್ಮಾಸದಿಂದ ಚಂಪಾಷಷ್ಠಿಯವರೆಗೆ ಬೆಳ್ಳುಳ್ಳಿ ತಿನ್ನುವುದಿಲ್ಲ, ಬದನೆಕಾಯಿಯೂ ಇಲ್ಲ. ನಾನು ಕಾರಣ ಕೇಳುವುದನ್ನು ಬಿಟ್ಟು ಒಂದು ವರ್ಷವಾಯಿತು. ಇವರಿಗೆ ಎಲ್ಲವೂ ‘ಭಾಳ’: ಭಾಳ ಛಲೋ, ಭಾಳ ಖಾರ, ಭಾಳ ಬಿಸಲ. ಒಂದು ‘ತುಂಬಾ’ ಕೇಳಬೇಕೆಂದರೆ ನಾನು ಕನ್ನಡಿಯ ಮುಂದೆ ನಿಂತು ನಾನೇ ಅನ್ನಬೇಕು.

ಈ ದಿನಚರಿ ಅಮ್ಮ ಪುಟ್ಟತಾಯಮ್ಮನ ಸಲಹೆ. “ಕ್ವಾಪ ಬಂದ್ರೆ ಬಾಯ್ ಬುಡಬ್ಯಾಡ ಕಣವ್ವ, ಬರ್ಕೊ” ಅಂದಿದ್ದಳು. ಬರೆದುಕೊಳ್ಳುತ್ತಿದ್ದೇನೆ.

ಮುಖ್ಯ ವಿಷಯ. ನನ್ನ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ ಗುತ್ತಿಗೆಯದು, ತಿಂಗಳ ಕೊನೆಗೆ ಮುಗಿಯುತ್ತದೆ. ೨೬ರಂದು ಕ್ಲೈಂಟ್‌ಗೆ ಡೆಮೊ ಇದೆ. ಅದನ್ನು ನಾನು ಸರಿಯಾಗಿ ನಡೆಸಿಕೊಟ್ಟರೆ ಕಾಯಂ. ಮದುವೆಯಾಗಿ ಕೆಲಸ ಬಿಟ್ಟು ಎರಡು ವರ್ಷ ಕೂತಿದ್ದವಳಿಗೆ ಇದೊಂದು ಸಿಕ್ಕಿದೆ, ಇನ್ನೊಂದು ಸಿಗುವ ಭರವಸೆಯಿಲ್ಲ. ಕಾಯಂ ಆದರೆ ಊರಿನ ಇನ್ನೊಂದು ತುದಿಯ ವಾಕಡ್‌ನಲ್ಲಿ ಬೇರೆ ಮನೆ ಮಾಡುವುದಕ್ಕೆ ಸ್ವಪ್ನಿಲ್ ಒಪ್ಪಿದ್ದಾನೆ. ಬ್ರೋಕರ್ ಅವನ ಫೋನಿಗೆ ಫೋಟೊ ಕಳಿಸುತ್ತಲೇ ಇದ್ದಾನೆ. ಅತ್ತೆಗೆ ಇನ್ನೂ ಹೇಳಿಲ್ಲ.

ಊಟದ ಮೇಜಿನ ಮೂಲೆಯಲ್ಲಿ ಬಿಟ್ಟುಹೋಗಿದ್ದ ಲ್ಯಾಪ್‌ಟಾಪ್ ನಾವಿಲ್ಲದಾಗ ತನ್ನಷ್ಟಕ್ಕೆ ತಾನೇ ಹೊಸ ಅಪ್‌ಡೇಟ್ ಹಾಕಿಕೊಂಡಿದೆ. ಮನೆಯಲ್ಲಿ ಅದೊಂದಾದರೂ ಸ್ವಂತ ನಿರ್ಧಾರ ತೆಗೆದುಕೊಳ್ಳುತ್ತದೆ.

ನವೆಂಬರ್ ೧೦, ಸೋಮವಾರ

ಲ್ಯಾಪ್‌ಟಾಪ್ ತೆರೆದ ಕೂಡಲೇ ‘ಹೊಸ ಅನುಭವಕ್ಕೆ ಸ್ವಾಗತ’ ಎಂಬ ಬರಹ ಬಂತು. ಅನುಭವ ತಡಮಾಡಲಿಲ್ಲ. ಸ್ವಲ್ಪ ಹೊತ್ತು ನೆಟ್ಟಗಿದ್ದು ಆಮೇಲೆ ಫ್ಯಾನ್ ಕಿರುಚತೊಡಗಿತು. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ ಪ್ರೊಸೆಸರ್ ಬಳಕೆ ನೂರಕ್ಕೆ ನೂರು. ನಾನು ಯಾವ ಕೆಲಸವನ್ನೂ ಕೊಟ್ಟಿಲ್ಲ, ಅದು ಮೈಮುರಿದು ದುಡಿಯುತ್ತಿದೆ, ಫಲಿತಾಂಶ ಏನೂ ಇಲ್ಲ. ನಮ್ಮ ಮ್ಯಾನೇಜರ್ ಅಶ್ವಿನ್‌ನ ಮೀಟಿಂಗ್‌ಗಳೂ ಹೀಗೇ ನಡೆಯುತ್ತವೆ.

ಇಂದಿನ ವಿಡಿಯೊ ಮೀಟಿಂಗ್‌ನಲ್ಲೇ ನನ್ನ ಮುಖ ಅರ್ಧ ಬಾಯಿ ತೆರೆದುಕೊಂಡು ನಿಂತುಹೋಯಿತು. ಆರು ಜನ ಅದನ್ನು ನೋಡುತ್ತಾ ಕೂತಿದ್ದರಂತೆ.

“ನಿಖಿತಾ, ಯು ಆರ್ ಸ್ಟಕ್. ನೋ ಪ್ರೆಷರ್, ಬಟ್ ಡೆಮೊ ದಿನ ಹಿಂಗಾದ್ರೆ ಕಷ್ಟ” ಎಂದ ಅಶ್ವಿನ್. ಬೆಂಗಳೂರಿನವನು, ‘ನೋ ಪ್ರೆಷರ್’ ಅಂದಾಗಲೆಲ್ಲ ನನ್ನ ರಕ್ತದೊತ್ತಡ ಏರುತ್ತದೆ.

“ಬೇಕಿದ್ರೆ ನಾನು ನನ್ನ ಮಷಿನ್‌ನಿಂದ ಮಾಡ್ತೀನಿ, ನಂದು ಸೇಮ್ ಅಪ್‌ಡೇಟ್, ಸೂಪರಾಗಿದೆ” ಎಂದ ವಿಕಾಸ. ಅವನೂ ಗುತ್ತಿಗೆಯವನೇ. ಇಬ್ಬರಲ್ಲಿ ಒಬ್ಬರನ್ನು ಕಾಯಂ ಮಾಡುತ್ತಾರೆ ಎಂಬುದು ಅವನಿಗೂ ಗೊತ್ತು. ಇಂಥ ಪರೋಪಕಾರಿಗಳು ಸಿಗುವುದು ಅಪರೂಪ.

ಕಂಪನಿ ಚಿಕ್ಕದು, ಲ್ಯಾಪ್‌ಟಾಪ್ ನಾವೇ ತರಬೇಕು, ರಿಪೇರಿಯೂ ನಮ್ಮದೇ. ಇದಕ್ಕೆ ಅವರು ‘ಸ್ವಾತಂತ್ರ್ಯ’ ಎನ್ನುತ್ತಾರೆ.

ನವೆಂಬರ್ ೧೨, ಬುಧವಾರ

ಅಂತರ್ಜಾಲದಲ್ಲಿ ನನ್ನಂಥವರ ದೊಡ್ಡ ಸಮುದಾಯವೇ ಇದೆ. ‘ಅಪ್‌ಡೇಟ್ ನಂತರ ಪ್ರೊಸೆಸರ್ ನೂರು’ ಎಂದು ಒಬ್ಬ ಕೇಳಿದ್ದಾನೆ. ಕೆಳಗೆ ಊರೂರಿನವರು ‘ನನಗೂ ಇದೇ ಸಮಸ್ಯೆ’ ಎಂದು ಬರೆದು ಹೋಗಿದ್ದಾರೆ. ಒಬ್ಬ ತಜ್ಞ ‘ಆಫ್ ಮಾಡಿ ಆನ್ ಮಾಡಿ’ ಎಂದಿದ್ದಾನೆ. ಪ್ರಶ್ನೆ ಕೇಳಿದವನು ಕೊನೆಗೆ ‘ಸರಿಹೋಯಿತು, ಧನ್ಯವಾದ’ ಎಂದು ಬರೆದು ಮಾಯವಾಗಿದ್ದಾನೆ, ಹೇಗೆ ಸರಿಹೋಯಿತೆಂದು ಹೇಳಿಲ್ಲ. ಅವನ ವಿಳಾಸ ಬೇಕಾಗಿತ್ತು.

ಹುಡುಕಾಟದ ಇಂಡೆಕ್ಸಿಂಗ್ ನಿಲ್ಲಿಸಿದೆ. ಶುರುವಿನಲ್ಲಿ ತಾನಾಗಿ ಏಳುವ ತಂತ್ರಾಂಶಗಳನ್ನೆಲ್ಲ ಮಲಗಿಸಿದೆ. ಆಂಟಿವೈರಸ್ ಕಿತ್ತೆ, ಮತ್ತೆ ಹಾಕಿದೆ. ನೂರು ಎಂದರೆ ನೂರು.

ಅತ್ತೆ ಪಕ್ಕಕ್ಕೆ ಬಂದು ನಿಂತರು. “ಯಾಕ ಹಂಗ ಒದರ್ಲಿಕತ್ತದ ಅದು? ಏನ್ ಬ್ಯಾನಿ?”

“ಅಪ್‌ಡೇಟ್ ಆಯ್ತು ಅತ್ತೆ. ಆಮೇಲಿಂದ ಹೀಗೆ.”

“ಯಾರ್ ಮಾಡ್ಯಾರ?”

“ಯಾರೂ ಮಾಡಿಲ್ಲ. ತಾನೇ ಮಾಡ್ಕೊಂಡಿದೆ.”

“ಯಾವಾಗ?”

“ನಾವು ಜೇಜುರಿಗೆ ಹೋಗಿದ್ದಾಗ.”

ಅತ್ತೆ ಲ್ಯಾಪ್‌ಟಾಪನ್ನು ಬಹಳ ಹೊತ್ತು ನೋಡಿದರು. “ದೇವರಿಗೆ ಹೋದಾಗ ಮನ್ಯಾಗ ಹಿಂಗ ಆಗಬಾರದಿತ್ತು” ಎಂದು ಹೇಳಿ ಹೋದರು. ತಪ್ಪು ನನ್ನದೇ ಇರಬೇಕು. ಇಲ್ಲಿ ಹಾಲು ಉಕ್ಕಿದರೂ ಅದು ಮಂಡ್ಯದ ಕಡೆಯಿಂದ ಬಂದದ್ದು.

ನವೆಂಬರ್ ೧೩, ಗುರುವಾರ

ನೂರು.

ನವೆಂಬರ್ ೧೫, ಶನಿವಾರ

ಸರ್ವೀಸ್ ಸೆಂಟರ್‌ಗೆ ಹೋಗಿದ್ದೆ. ಕೌಂಟರಿನ ಹುಡುಗಿ ಮುಚ್ಚಳವನ್ನೂ ತೆರೆಯದೆ ರೋಗ ಹೇಳಿದಳು. “ಅಪ್‌ಡೇಟ್‌ಚಾ ಪ್ರಾಬ್ಲೆಮ್ ಆಹೆ ಮ್ಯಾಡಮ್, ಸಗಳ್ಯಾಂನಾ ಯೇತೋಯ್.” ಅಪ್‌ಡೇಟಿನದೇ ತೊಂದರೆ, ಎಲ್ಲರಿಗೂ ಬರುತ್ತಿದೆಯಂತೆ. ಬಿಟ್ಟು ಹೋಗಿ, ಡಿಸೆಂಬರ್ ಮೊದಲ ವಾರ ಬನ್ನಿ ಎಂದಳು. ಡಿಸೆಂಬರ್ ಮೊದಲ ವಾರ ನನಗೆ ಲ್ಯಾಪ್‌ಟಾಪ್ ಬೇಕಾಗುವುದೇ ಇಲ್ಲ, ಆಗ ನನಗೆ ಕೆಲಸವೇ ಇರುವುದಿಲ್ಲ ಎಂದು ವಿವರಿಸಲು ನನ್ನ ಮರಾಠಿ ಸಾಲಲಿಲ್ಲ. ಎತ್ತಿಕೊಂಡು ಬಂದೆ.

ಊಟಕ್ಕೆ ಕೂತಾಗ ಮಾವನವರೂ ಸಲಹೆ ಕೊಟ್ಟರು. “ಬಿಸಿ ಆಗ್ತದಂದ್ರ ನಮ್ಮ ಕೋಲ್ಡ್ ಸ್ಟೋರೇಜಿನ್ಯಾಗ ಇಟ್ಟ ನೋಡೂನು. ಬೆಳ್ಳೊಳ್ಳಿನ ಆರ್ ತಿಂಗಳ ಕೆಡಂಗಿಲ್ಲ.” ಸ್ವಪ್ನಿಲ್ ನಕ್ಕ. ನಾನು ನಗಲಿಲ್ಲ. ಈಗ ಯೋಚಿಸಿದರೆ ಈ ವಾರ ಕೇಳಿದ್ದರಲ್ಲಿ ಅದೇ ಹೆಚ್ಚು ಬುದ್ಧಿಯ ಮಾತು.

ಟೈಪ್ ಮಾಡಿದರೆ ಬೆರಳತುದಿ ಹಳದಿಯಾಗುತ್ತಿದೆ. ಊಟದ ಮೇಜಿನ ಮೇಲೆ ಕಚೇರಿ ಮಾಡಿದರೆ ಹೀಗೇ. ಎಲ್ಲಕ್ಕೂ ಅರಿಶಿನ ಹಾಕುವ ಅಡುಗೆ ಬೇರೆ.

ನವೆಂಬರ್ ೧೭, ಸೋಮವಾರ

ನಿನ್ನೆ ಅಪ್‌ಡೇಟನ್ನೇ ಕಿತ್ತುಹಾಕಿದೆ. ಹಳೆಯ ಆವೃತ್ತಿಗೆ ಮರಳಿದೆ. ಅಪರಾಧಿಯನ್ನು ಊರು ಬಿಡಿಸಿದ ಮೇಲೂ ಕಳ್ಳತನ ಮುಂದುವರಿದಿದೆ. ಇಂದು ನೂರು, ಕಿರುಚಾಟ, ಹೆಪ್ಪುಗಟ್ಟಿದ ಪರದೆ, ಎಲ್ಲವೂ ಮೊದಲಿನಂತೆ. ನಿಜ ಹೇಳಬೇಕೆಂದರೆ ಮೊದಲಿಗಿಂತ ಹೆಚ್ಚು.

ಅಶ್ವಿನ್ ಫೋನ್ ಮಾಡಿದ. “ನೋಡಿ ನಿಖಿತಾ, ಸಂಡೇ ಒಳಗೆ ನಿಮ್ಮ ಸೆಟಪ್ ಸರಿಹೋಗ್ಬೇಕು. ಇಲ್ಲಾಂದ್ರೆ ವಿಕಾಸ್‌ಗೆ ಕೊಡ್ತೀನಿ. ಪರ್ಸನಲ್ ಆಗಿ ತಗೋಬೇಡಿ.” ಪರ್ಸನಲ್ ಆಗಿ ತೆಗೆದುಕೊಂಡೆ. ಹೊಸ ಲ್ಯಾಪ್‌ಟಾಪ್ ತೆಗೆದುಕೊಳ್ಳೋಣವೇ ಎಂದು ಸ್ವಪ್ನಿಲ್‌ನನ್ನು ಕೇಳಿದರೆ, ವಾಕಡ್ ಮನೆಗೆ ಮುಂಗಡ ಯಾವುದರಲ್ಲಿ ಕೊಡುತ್ತಿ ಎಂದ. ಕೆಲಸವಿಲ್ಲದೆ ವಾಕಡ್ ಇಲ್ಲ, ವಾಕಡ್‌ಗಾಗಿ ಲ್ಯಾಪ್‌ಟಾಪ್ ಇಲ್ಲ, ಲ್ಯಾಪ್‌ಟಾಪ್ ಇಲ್ಲದೆ ಕೆಲಸವಿಲ್ಲ. ಜಗಳವಾಡಿದೆವು, ಅತ್ತೆಗೆ ಕೇಳಿಸಬಾರದೆಂದು ಪಿಸುಮಾತಿನಲ್ಲಿ. ಪಿಸುಗುಟ್ಟಿ ಜಗಳವಾಡುವುದು ಎಷ್ಟು ದಣಿವಿನ ಕೆಲಸ ಎಂದು ಕೂಡುಕುಟುಂಬದವರಿಗೆ ಮಾತ್ರ ಗೊತ್ತು.

ಮಧ್ಯಾಹ್ನ ಅತ್ತೆ ಮೆಂತ್ಯ ಬಿಡಿಸುತ್ತಾ ಕೇಳಿದರು. “ನಿಖಿತಾ, ಈ ನೌಕರಿ ಹೋದ್ರ ಏನಾಗ್ತದ?”

“ತುಂಬಾ ಕಷ್ಟ ಆಗುತ್ತೆ ಅತ್ತೆ.”

“ಯಾರಿಗೆ?”

“ನನಗೆ.”

“ಹ್ಞಾಂ” ಎಂದು ಎದ್ದು ದೇವರ ಕೋಣೆಗೆ ಹೋದರು. ಸೊಸೆ ಮನೆಯಲ್ಲಿ ಕೂತರೆ ಮೆಂತ್ಯ ಬಿಡಿಸಲು ಇನ್ನೆರಡು ಕೈ ಸಿಗುತ್ತವೆ ಎಂಬ ಲೆಕ್ಕ ನನಗೆ ಅರ್ಥವಾಗುವುದಿಲ್ಲ ಅಂದುಕೊಂಡಿದ್ದಾರೆ. ದೇವರಿಗೆ ಏನು ಬೇಡಿಕೊಂಡರೋ, ಅದನ್ನೂ ಊಹಿಸಬಲ್ಲೆ.

ನವೆಂಬರ್ ೧೯, ಬುಧವಾರ

ಲ್ಯಾಪ್‌ಟಾಪಿನಲ್ಲಿದ್ದದ್ದನ್ನೆಲ್ಲ ಅಳಿಸಿ, ತಂತ್ರಾಂಶವನ್ನು ಹೊಸದಾಗಿ ಹಾಕಿದೆ. ಒಂದು ದಿನ ಅದಕ್ಕೇ ಹೋಯಿತು. ಈಗ ಅದರೊಳಗೆ ಏನೂ ಇಲ್ಲ, ಹುಟ್ಟಿದ ಮಗುವಿನಷ್ಟು ಶುದ್ಧ. ಸ್ವಲ್ಪ ಹೊತ್ತು ಮೌನವಾಗಿತ್ತು. ಗೆದ್ದೆ ಎಂದು ಅಮ್ಮನಿಗೆ ಫೋನ್ ಕೂಡ ಮಾಡಿದೆ. ಅಮ್ಮ ಫೋನ್ ಇಡುವ ಮೊದಲೇ ಕಿರುಚಾಟ ಶುರು.

“ಅದೇನವ್ವ ಹಿಂದ್ಗಡೆ ಮಿಕ್ಸಿ ಸದ್ದು?” ಎಂದಳು ಅಮ್ಮ.

ಮಿಕ್ಸಿ ಎಂದೆ. ಅಳು ಬರುತ್ತಿತ್ತು, ಹೇಳಲಿಲ್ಲ.

ನವೆಂಬರ್ ೨೦, ಗುರುವಾರ

ಇಂದು ಡೆಮೊದ ಮೊದಲ ತಾಲೀಮು. ಅಶ್ವಿನ್, ವಿಕಾಸ, ಮತ್ತೆ ಯಾರೋ ದೊಡ್ಡವರು. ಶುರುವಾದ ಮೇಲೆ ಪರದೆ ತೊದಲಲು ಆರಂಭಿಸಿತು. ನನ್ನ ಕಣ್ಣು ಟಾಸ್ಕ್ ಮ್ಯಾನೇಜರ್ ಮೇಲೆಯೇ. ಆಗ ಅತ್ತೆ ಬಗ್ಗಿ, ಕ್ಯಾಮೆರಾದಲ್ಲಿ ಕಾಣಿಸದಂತೆ ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು, ಬೀಸಣಿಗೆಯಿಂದ ಲ್ಯಾಪ್‌ಟಾಪ್‌ಗೆ ಗಾಳಿ ಹಾಕತೊಡಗಿದರು. ಜ್ವರ ಬಂದವರಿಗೆ ಹಾಕುವಂತೆ. ಬೇಡ ಎಂದು ಕಣ್ಣಲ್ಲೇ ಬೇಡಿಕೊಂಡೆ. ಅವರು ಕಣ್ಣಲ್ಲೇ ನೀನು ನಿನ್ನ ಕೆಲಸ ನೋಡು ಎಂದರು. ಮೊಣಕಾಲು ನೋವಿನವರು, ದೇವರ ಮುಂದೆಯೂ ಕುರ್ಚಿ ಹಾಕಿಕೊಳ್ಳುವವರು, ಮೀಟಿಂಗ್ ಮುಗಿಯುವವರೆಗೂ ಹಾಗೇ ಕೂತಿದ್ದರು. ಎಬ್ಬಿಸಲು ನಾನೂ ಮಾವನವರೂ ಬೇಕಾಯಿತು.

ವಿಚಿತ್ರವೆಂದರೆ ಅವರು ಬೀಸುವಷ್ಟು ಹೊತ್ತು ನೂರಿದ್ದದ್ದು ಎಂಬತ್ತರ ಆಸುಪಾಸಿಗೆ ಇಳಿದಿತ್ತು. ಕಾಕತಾಳೀಯ. ಬೀಸಣಿಗೆಯಿಂದ ಸಾಫ್ಟ್‌ವೇರ್ ಸರಿಹೋಗುವುದಾದರೆ ನಾನು ಇಂಜಿನಿಯರಿಂಗ್ ಓದಿದ್ದು ಯಾತಕ್ಕೆ?

ರೊಟ್ಟಿ ಇಂದು ಮೇಜಿಗೇ ಬಂತು. ತಟ್ಟೆ ಇಟ್ಟು, “ತಲಿ ಕೆಡಿಸ್ಕೋಬ್ಯಾಡ, ತಿನ್ನು” ಎಂದರು. ತಿಂದೆ. ಸುಮ್ಮನೆ ಹೇಳಬಾರದು, ಸಜ್ಜೆ ರೊಟ್ಟಿ ಚೆನ್ನಾಗಿತ್ತು.

ನವೆಂಬರ್ ೨೧, ಶುಕ್ರವಾರ

ಬೀಸಣಿಗೆ ತಲೆಯಿಂದ ಹೋಗಲಿಲ್ಲ. ಟಾಸ್ಕ್ ಮ್ಯಾನೇಜರ್‌ನಲ್ಲಿ ನಾನು ಇಷ್ಟು ದಿನ ನೂರನ್ನು ಮಾತ್ರ ನೋಡುತ್ತಿದ್ದೆ. ಅದರ ಕೆಳಗೇ ಇನ್ನೊಂದು ಅಂಕಿ ಇದೆ, ಪ್ರೊಸೆಸರ್ ಓಡುವ ವೇಗ. ಅದು ಇರಬೇಕಾದ್ದರ ಐದರಲ್ಲಿ ಒಂದು ಭಾಗವೂ ಇಲ್ಲ. ಅಂದರೆ ಪ್ರೊಸೆಸರ್ ಹೆಚ್ಚು ದುಡಿಯುತ್ತಿಲ್ಲ. ಬಿಸಿ ತಾಳಲಾರದೆ ತಾನೇ ಕುಂಟುತ್ತಿದೆ, ಕುಂಟುವುದರಿಂದ ಚಿಕ್ಕ ಕೆಲಸಕ್ಕೂ ನೂರು ಬೇಕಾಗುತ್ತಿದೆ. ಪಾಪ, ಅಪ್‌ಡೇಟ್ ನಿರಪರಾಧಿ. ಎರಡು ವಾರ ಬೈದವಳು ಕ್ಷಮೆ ಕೇಳುವುದು ಹೇಗೆ ಎಂದು ಹೇಳುವ ಸಹಾಯವಾಣಿಯಿಲ್ಲ.

ಪರರ ತಪ್ಪು ಹುಡುಕುವುದೇ ನನ್ನ ಉದ್ಯೋಗ, ಅದಕ್ಕೆ ಸಂಬಳ ಕೊಡುತ್ತಾರೆ. ಸಂಬಳವನ್ನು ಈ ತಿಂಗಳು ತೆಗೆದುಕೊಳ್ಳುವುದು ನ್ಯಾಯವೇ ಎಂಬುದು ಅಶ್ವಿನ್‌ಗೆ ಹೊಳೆಯದಿರಲಿ.

ಗಾಳಿ ಎಲ್ಲೋ ಕಟ್ಟಿದೆ. ನಾಳೆ ಬಿಚ್ಚುತ್ತೇನೆ.

ನವೆಂಬರ್ ೨೨, ಶನಿವಾರ

ಊಟದ ಮೇಜಿನ ಮೇಲೆ ಪೇಪರ್ ಹಾಸಿ, ಮಾವನವರು ಕನ್ನಡಕಕ್ಕೆ ಇಟ್ಟುಕೊಂಡಿರುವ ಪುಟ್ಟ ಸ್ಕ್ರೂಡ್ರೈವರ್‌ನಿಂದ ತಳ ಬಿಚ್ಚಿದೆ. ಒಳಗೆ ಹಳದಿ. ಫ್ಯಾನಿನ ಒಂದೊಂದು ಎಲೆಯ ಮೇಲೂ ಹಳದಿ ಕಂಬಳಿ. ಬಿಸಿಗಾಳಿ ಹೊರಗೆ ಹೋಗುವ ಸಂದಿಗಳೆಲ್ಲ ಗಾರೆ ಮೆತ್ತಿದಂತೆ ಮುಚ್ಚಿಹೋಗಿವೆ. ಪುಟ್ಟ ಜೇಜುರಿಯೇ ಅದರೊಳಗೆ ಕೂತಿತ್ತು.

ನನಗೆ ಆದ ಸಂತೋಷವನ್ನು ಪ್ರಾಮಾಣಿಕವಾಗಿ ಬರೆದುಕೊಳ್ಳುತ್ತೇನೆ. ಸಾಕ್ಷಿ ಸಿಕ್ಕಿತು. ಮದುವೆಯಾದಾಗಿನಿಂದ ಕಾದ ಗಳಿಗೆ. ಇದನ್ನು ಹೀಗೇ ತೆರೆದಿಟ್ಟು, ಒಂದೇ ಒಂದು ವಾಕ್ಯ ಹೇಳಬೇಕು, ‘ನೋಡಿ ಅತ್ತೆ, ನನ್ನ ಕೆಲಸ ತಿಂದದ್ದು ನಿಮ್ಮ ಭಕ್ತಿ’ ಎಂದು. ಎರಡು ಸಲ ಮನಸ್ಸಿನಲ್ಲೇ ಹೇಳಿ ನೋಡಿದೆ. ಎರಡನೆಯ ಸಲ ಇನ್ನೂ ಚೆನ್ನಾಗಿ ಬಂತು.

“ಅತ್ತೆ, ಸ್ವಲ್ಪ ಬನ್ನಿ ಇಲ್ಲಿ.”

ಒದ್ದೆ ಕೈ ಸೆರಗಿಗೆ ಒರೆಸಿಕೊಳ್ಳುತ್ತಾ ಬಂದರು. ಕನ್ನಡಕ ಹಾಕಿಕೊಂಡು ಬಗ್ಗಿ ನೋಡಿದರು. ಮುಖ ಅರಳಿತು.

“ಅಯ್ಯ ಯವ್ವಾ, ಒಳಗತನಾ ಹೋಗ್ಯದ ನೋಡು. ನಾ ಬರೇ ಮ್ಯಾಲೆ ಮ್ಯಾಲೆ ಹಾಕ್ತಿದ್ದೆ. ಮೈಲಾರ ತಾನs ಒಳಗ ಹೋಗಿ ಕುಂತಾನ.”

“ದಿನಾ ಹಾಕ್ತಿದ್ರಾ?”

“ಮತ್ತ? ಜೇಜುರಿಂದ ಬಂದ ದಿನ ಚೂರ ಹಾಕಿದ್ದೆ. ಮರುದಿನದಿಂದ ಅದು ಜಡ್ಡಿಗೆ ಬಿತ್ತಲ್ಲ, ಅದಕ್ಕ ಮತ್ತಿಷ್ಟು ಹಾಕಿದೆ. ನೀ ಏಳೂದರಾಗ ಪೂಜಾ ಮಾಡಿ, ಇದಕ್ಕೂ ಒಂದ ಹಿಡಿ. ಮೊನ್ನೆ ನೀ ತುಂಬಾ ಕಷ್ಟ ಆಗ್ತದ ಅಂದ್ಯಲ್ಲ, ಅವತ್ತಿಂದ ಎರಡ ಹಿಡಿ.” ನನ್ನ ‘ತುಂಬಾ’ ಅವರ ಬಾಯಲ್ಲಿ ಮೊದಲ ಸಲ ಕೇಳಿದೆ. “ನಿಮ್ಮ ಮಾವಗ ಹೇಳೀನಿ, ಇಕಿ ನೌಕರಿ ಪಕ್ಕಾ ಆದ್ರ ಮತ್ತೊಮ್ಮೆ ಗುಡ್ಡಾ ಹತ್ತತೀನಿ ಅಂತ.”

“ಮೊಣಕಾಲು?”

“ಮೊಣಕಾಲು ಏನ್ ನೌಕರಿ ಮಾಡಬೇಕಾಗ್ಯದೇನು?”

ನಾನು ಸಿದ್ಧಮಾಡಿಕೊಂಡಿದ್ದ ವಾಕ್ಯ ಬಾಯಿಯವರೆಗೆ ಬಂದಿತ್ತು. ಅವರು ನನ್ನನ್ನೇ ನೋಡುತ್ತಿದ್ದರು.

“ಆತು, ಬ್ಯಾನಿ ಏನಂತ ಗೊತ್ತಾತೇನು?”

“ಅಪ್‌ಡೇಟ್, ಅತ್ತೆ” ಎಂದೆ.

“ನಾ ಮೊದಲs ಅಂದ್ಕೊಂಡಿದ್ದೆ” ಎಂದರು.

ಆಮೇಲೆ, ಹೇಗಾದರೂ ಇದನ್ನು ನಿಲ್ಲಿಸಬೇಕಲ್ಲ, ಅದಕ್ಕಾಗಿಯೇ ಹೇಳಿದೆ. “ಅತ್ತೆ, ನಾಳೆಯಿಂದ ಮಷಿನ್‌ಗೆ ಹಾಕೋದು ಬೇಡ. ಒಳಗೆ ಸೇರಿದ್ದು ಸಾಕು. ಕೆಲಸ ಮಾಡೋಳು ನಾನು ತಾನೆ? ನನ್ನ ಹಣೆಗೆ ಹಚ್ಚಿ.”

ಅತ್ತೆ ಕನ್ನಡಕ ತೆಗೆದರು. “ತೊಳಕೊಳ್ಳಂಗಿಲ್ಲಲ್ಲ?”

“ಇಲ್ಲ.”

ಮಧ್ಯಾಹ್ನ ಅವರು ಮಲಗಿದ ಮೇಲೆ ಹಳೇ ಹಲ್ಲುಜ್ಜುವ ಬ್ರಷ್ಷು, ಹತ್ತಿ, ಸ್ವಪ್ನಿಲ್‌ನ ಸೈಕಲ್ ಪಂಪು ಇಟ್ಟುಕೊಂಡು ಕೂತೆ. ಉಜ್ಜಿದಷ್ಟೂ ಬರುತ್ತಿತ್ತು. ಭಾಳ ಹೊತ್ತು ಹಿಡಿಯಿತು. ಬಳಿದು ತೆಗೆದ ಪುಡಿಯನ್ನು ಕಸಕ್ಕೆ ಹಾಕಲು ಕೈ ಬರಲಿಲ್ಲ, ತುಳಸಿ ಕುಂಡಕ್ಕೆ ಹಾಕಿದೆ. ಹಳದಿ ಹತ್ತಿ ಮಾತ್ರ ಕಸದ ಬುಟ್ಟಿಗೆ.

ಎಲ್ಲ ಮುಚ್ಚಿ ಸ್ಕ್ರೂ ಬಿಗಿದು ಆನ್ ಮಾಡಿದರೆ ಸದ್ದೇ ಇಲ್ಲ. ಆರು. ನೂರಲ್ಲ, ಆರು. ಸುಮ್ಮನೆ ಆ ಆರನ್ನು ನೋಡುತ್ತಾ ಕೂತೆ.

ಸ್ವಪ್ನಿಲ್‌ಗೆ ನಿಜ ಹೇಳಿದೆ. ಹೊಟ್ಟೆ ಹಿಡಿದುಕೊಂಡು ನಕ್ಕು, “ಅವ್ವಗ ಹೇಳ್ದಿ?” ಎಂದು ಕೇಳಿದ. ಇಲ್ಲ ಎಂದೆ. ಯಾಕೆ ಎಂದ. ಈ ಪ್ರಶ್ನೆಗೆ ಈ ಪುಟದಲ್ಲಿ ಜಾಗ ಉಳಿದಿಲ್ಲ.

ನವೆಂಬರ್ ೨೩, ಭಾನುವಾರ

ಅಶ್ವಿನ್‌ಗೆ ಪರದೆ ತೋರಿಸಿದೆ. “ಸೂಪರ್, ಏನ್ ಮಾಡಿದ್ರಿ?” ಎಂದ. ಆಫ್ ಮಾಡಿ ಆನ್ ಮಾಡಿದೆ ಎಂದೆ. ವಿಕಾಸ ಅಭಿನಂದನೆ ಹೇಳಿದ. ಅವನ ಧ್ವನಿಯಲ್ಲಿದ್ದ ಸಂತೋಷವನ್ನು ಹುಡುಕಲು ಭೂತಗನ್ನಡಿ ಬೇಕಿತ್ತು.

ಲ್ಯಾಪ್‌ಟಾಪ್ ಸುಮ್ಮನಾದ ಮೇಲೆ ಮನೆಯ ಸದ್ದೆಲ್ಲ ಕೇಳಿಸುತ್ತಿದೆ. ಅತ್ತೆ ಅಡುಗೆ ಮಾಡುವಾಗ ಹಾಡಿಕೊಳ್ಳುತ್ತಾರೆ. ನನಗೆ ಗೊತ್ತೇ ಇರಲಿಲ್ಲ.

ನವೆಂಬರ್ ೨೫, ಮಂಗಳವಾರ

ದಿನಾ ಬೆಳಗ್ಗೆ ಹಣೆಗೆ ಅಂಗೈ ತುಂಬ. ಲ್ಯಾಪ್‌ಟಾಪ್‌ಗಿಂತ ನನ್ನ ಉಷ್ಣ ನಿರ್ವಹಣೆ ಚೆನ್ನಾಗಿದೆ ಎನ್ನಬೇಕು. ತಾಲೀಮು ಸುಸೂತ್ರವಾಯಿತು.

ನಾಳೆ ಚಂಪಾಷಷ್ಠಿ. ಮಾವನವರು ಗೋಣಿ ತುಂಬ ಬದನೆಕಾಯಿ ತಂದಿದ್ದಾರೆ. ನಾಲ್ಕು ತಿಂಗಳ ಉಪವಾಸವನ್ನು ಒಂದೇ ದಿನ ತೀರಿಸುವ ಉದ್ದೇಶ ಕಾಣುತ್ತದೆ.

ನವೆಂಬರ್ ೨೬, ಬುಧವಾರ

ಡೆಮೊ ಮುಗಿಯಿತು. ಒಂದು ಕಡೆಯೂ ತೊದಲಲಿಲ್ಲ, ಯಂತ್ರವೂ ನಾನೂ. ನಡುವೆ ಅಶ್ವಿನ್‌ನ ಸಂದೇಶ ಬಂತು: ‘ಹಣೆ ಮೇಲೇನದು?’ ಆಗಲೇ ನೆನಪಾದದ್ದು. ಇಡೀ ಹೊತ್ತು ಹಳದಿ ಹಣೆಯಲ್ಲೇ ಕ್ಲೈಂಟ್ ಮುಂದೆ ಕೂತಿದ್ದೆ. ‘ಆಂಟಿವೈರಸ್’ ಎಂದು ಉತ್ತರಿಸಿದೆ. ಊಟದ ಹೊತ್ತಿಗೆ ಅವನೇ ಫೋನ್ ಮಾಡಿ ಕಾಯಂ ಎಂದ. ವಿಕಾಸನಿಗೆ ಇನ್ನೊಂದು ಪ್ರಾಜೆಕ್ಟ್ ಹುಡುಕುತ್ತಾರಂತೆ. ಪಾಪ, ಅವನ ಮಷಿನ್ ನಿಜವಾಗಿಯೂ ಸೂಪರಾಗಿತ್ತು.

ಊಟಕ್ಕೆ ಸುಟ್ಟು ಹಿಸುಕಿದ ಬದನೆಕಾಯಿಯ ಭರ್ತಾ, ಸಜ್ಜೆ ರೊಟ್ಟಿ, ಕೊನೆಗೂ ಬೆಳ್ಳುಳ್ಳಿ. ಮಾವ ಮತ್ತು ಸ್ವಪ್ನಿಲ್ ಉಂಡು ಎದ್ದ ಮೇಲೆ ನಾವಿಬ್ಬರೂ ಕೂತೆವು. ಅತ್ತೆ ರೊಟ್ಟಿಗೆ ಬೆಣ್ಣೆ ಹಾಕುತ್ತಾ, ಉಪ್ಪು ಸಾಕೇ ಎಂದು ಕೇಳುವ ಧ್ವನಿಯಲ್ಲಿ ಕೇಳಿದರು.

“ವಾಕಡದಾಗ ಮನಿ ಯಾವಾಗ ಮಾಡ್ತೀರಿ?”

ಎತ್ತಿದ ತುತ್ತನ್ನು ತಟ್ಟೆಗೇ ಇಳಿಸಿದೆ. “ಯಾರು ಹೇಳಿದ್ರು ಅತ್ತೆ?”

“ಯಾರ್ ಹೇಳಬೇಕು? ಅಂವಾ ಫೋನ್ ಎಲ್ಲೆರ ಬಿಟ್ಟು ಜಳಕಕ್ಕ ಹೋಗ್ತಾನ. ಬ್ರೋಕರ್ ಫೋಟೋ ಕಳಸ್ತಾನ. ದೀಪಾವಳಿ ಮೊದಲs ಗೊತ್ತಿತ್ತು. ನಿನ್ನ ನೌಕರಿ ಪಕ್ಕಾ ಆದ್ರ ಹೋಗ್ತೀರಿ ಅಂತ.”

ದೀಪಾವಳಿಗೆ ಮೊದಲೇ. ಅಂದರೆ ಒಂದು ಹಿಡಿ ಹಾಕಿದಾಗಲೂ ಗೊತ್ತಿತ್ತು, ಎರಡು ಹಿಡಿ ಹಾಕಿದಾಗಲೂ ಗೊತ್ತಿತ್ತು. ಮೇಜಿನ ಪಕ್ಕ ಕುಕ್ಕರಗಾಲಿನಲ್ಲಿ ಕೂತು ಬೀಸಿದಾಗಲೂ.

“ಗೊತ್ತಿದ್ದೂ ಹರಕೆ ಹೊತ್ರಾ?”

“ನೌಕರಿ ನಿಂದು. ಮನಿ ಎಲ್ಲಿ ಮಾಡ್ತೀರಿ ಅನ್ನೂದು ಬ್ಯಾರೆ ಮಾತು. ಅದಕ್ಕೂ ಇದಕ್ಕೂ ಯಾಕ ಗಂಟ ಹಾಕಬೇಕು?” ಸೆರಗಿನ ತುದಿಯಿಂದ ಒಂದು ಕಾಗದದ ಪೊಟ್ಟಣ ಬಿಚ್ಚಿ ನನ್ನ ತಟ್ಟೆಯ ಪಕ್ಕ ಇಟ್ಟರು. ಭಂಡಾರ. “ಹೊಸಾ ಮನಿ ಬಾಗಲಕ್ಕ ಹಚ್ಚು. ಗ್ಯಾಸಿಗೆ ಹಚ್ಚು. ಕಂಪ್ಯೂಟರಕ್ಕ ಮಾತ್ರ ಬ್ಯಾಡ. ಅದರ ಗಾಳಿ ಕಟ್ಟತದ.”

ನಾನು ಪೊಟ್ಟಣದ ಮಡಿಕೆ ಸರಿಮಾಡತೊಡಗಿದೆ.

“ಕಸದ ಬುಟ್ಟ್ಯಾಗ ಹಳದಿ ಹತ್ತಿ ನೋಡ್ದೆ” ಎಂದರು. “ಅವತ್ತs ಹೇಳಿದ್ರ ಏನಾಗ್ತಿತ್ತು?”

“ನಿಮಗೆ ಬೇಜಾರಾಗ್ತಿತ್ತು.”

“ಆಗ್ತಿತ್ತು” ಎಂದು ಒಪ್ಪಿಕೊಂಡರು. ಇನ್ನೊಂದು ಸೌಟು ಬದನೆಕಾಯಿ ನನ್ನ ತಟ್ಟೆಗೆ ಬಂತು. ನನಗೆ ಅಳು ಬಂತು, ಬೆಳ್ಳುಳ್ಳಿ ಖಾರ ಎಂದೆ. ಅವರು ನೀರು ಕೊಟ್ಟರು.

ಸಂಜೆ ಬ್ರೋಕರ್ ಸ್ವಪ್ನಿಲ್‌ನ ಫೋನಿಗೆ ಕರೆ ಮಾಡಿದ, ನಾನೇ ಎತ್ತಿದೆ. ವಾಕಡ್ ಮನೆಗೆ ಬೇರೆಯವರು ಕಾದಿದ್ದಾರೆ, ಇಂದೇ ಹೇಳಿ ಎಂದ. ಕೊಟ್ಟುಬಿಡಿ ಎಂದೆ. ಇಲ್ಲೇ ಬಿಬ್ವೇವಾಡಿಯಲ್ಲಿ, ನಮ್ಮ ಈಗಿನ ಮನೆಯಿಂದ ನಡೆದುಹೋಗುವಷ್ಟು ಹತ್ತಿರ ಏನಾದರೂ ಇದ್ದರೆ ನಿಧಾನವಾಗಿ ನೋಡಿ, ಮೆಟ್ಟಿಲು ಹತ್ತುವಂತಿರಬಾರದು, ನೆಲಮಹಡಿಯೇ ಆಗಬೇಕು ಎಂದೆ.

ಸ್ವಪ್ನಿಲ್ ಕಾರಣ ಕೇಳಿದ. ವಾಕಡ್ ಕಡೆ ಟ್ರಾಫಿಕ್ ಭಾಳ ಅದ, ದಿನಾ ಕೆಲಸಕ್ಕೆ ಓಡಾಡುವವರಿಗೆ ಆ ಕಷ್ಟ ಗೊತ್ತು ಎಂದೆ.

“ನೀ ಎಲ್ಲಿ ಓಡಾಡ್ತಿ? ಮಂಚದಿಂದ ಊಟದ ಮೇಜಿಗೆ” ಎಂದು ನಕ್ಕ. ಅಡುಗೆಮನೆಯಲ್ಲಿ ಅತ್ತೆಯೂ ನಕ್ಕದ್ದು ಕೇಳಿಸಿತು. ಇದರಲ್ಲಿ ನಗುವಂಥದ್ದು ಏನಿದೆಯೋ ನನಗೆ ತಿಳಿಯಲಿಲ್ಲ.